ಕುರುಬರಹಳ್ಳಿಯ ಡಿ ಡ್ರೈವ್

ಜೀವನ್ ವಿಂಡೋಸ್ ಸಿ.ಡಿ. ಹಾಕಿ ಕೀಬೋರ್ಡ್ ಮುಂದೆ ಕೂತಾಗ ವಿಜಯಶ್ರೀಗೆ ಒಂಚೂರು ಇರುಸುಮುರುಸಾಯಿತು. ಆ ಕಂಪ್ಯೂಟರ್ ಅವಳದು. ಅಂದರೆ ಅವಳು ಕೆಲಸ ಮಾಡುವ ಕೇಂದ್ರದ್ದೇ, ಆದರೆ ಅದನ್ನು ದಿನಾ ಬೆಳಿಗ್ಗೆ ಆನ್ ಮಾಡುವವಳು, ಸಂಜೆ ಆರಿಸುವವಳು, ಒಳಗಿನ ಫ್ಯಾನಿನ ಸದ್ದು ಕೇಳಿಯೇ ಧೂಳು ತುಂಬಿದೆಯೋ ಇಲ್ಲವೋ ಹೇಳಬಲ್ಲವಳು ಅವಳೊಬ್ಬಳೇ. ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ಅವಳ ಎರಡೂ ಕಣ್ಣು ಹೋಗಿದ್ದವು. ಕಂಪ್ಯೂಟರಿನಲ್ಲಿ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿತ್ತು. ಆ ಧ್ವನಿ ಇದ್ದರೆ ಅವಳಿಗೆ ಯಾರ ಹಂಗೂ ಬೇಕಿರಲಿಲ್ಲ. ಆದರೆ ವಿಂಡೋಸ್ ಅನ್ನೇ ಅಳಿಸಿ ಹೊಸದಾಗಿ ಹಾಕುವಾಗ ಆ ಧ್ವನಿಯೂ ಇರುವುದಿಲ್ಲ. ಆಗ ಕಣ್ಣಿರುವವರು ಯಾರಾದರೂ ಬಂದು ಕೂರಲೇಬೇಕು.

ಅದು ಎರಡು ಸಾವಿರದ ಎಂಟರ ಜನವರಿಯ ಒಂದು ಶನಿವಾರ. ಕುರುಬರಹಳ್ಳಿಯ ಕೆಂಪಯ್ಯನವರ ಮನೆಯ ಮಹಡಿಯ ಎರಡು ಕೋಣೆಗಳಲ್ಲಿ ಧ್ವನಿಪುಸ್ತಕ ಕೇಂದ್ರ ನಡೆಯುತ್ತಿತ್ತು. ಒಂದು ಕೋಣೆಯ ಗೋಡೆಗೆಲ್ಲ ಹಳೆಯ ಕೌದಿ, ಹತ್ತಿ ಹಾಸಿಗೆಗಳನ್ನು ತೂಗುಹಾಕಿ, ಕೆಳಗೆ ಬೀದಿಯಲ್ಲಿ ಸೊಪ್ಪು ಮಾರುವವರ ಕೂಗು ಒಳಬರದ ಹಾಗೆ ಮಾಡಿದ್ದರು. ಅಲ್ಲಿ ಕೂತು ಸುತ್ತಮುತ್ತಲಿನ ಜನ ಶಾಲೆಯ ಪಾಠಗಳನ್ನು ಮೈಕಿಗೆ ಓದುತ್ತಿದ್ದರು. ಇನ್ನೊಂದು ಕೋಣೆಯಲ್ಲಿ ವಿಜಯಶ್ರೀ ಆ ಓದಿನಿಂದ ಕೆಮ್ಮು, ತೊದಲು, ಪುಟ ಮಗುಚಿದ ಸದ್ದು ಎಲ್ಲವನ್ನೂ ಕತ್ತರಿಸಿ ತೆಗೆದು, ಪಾಠಪಾಠವಾಗಿ ಜೋಡಿಸಿಡುತ್ತಿದ್ದಳು. ಬಿಜಾಪುರ, ಗುಲ್ಬರ್ಗ, ದಾವಣಗೆರೆಯ ಅಂಧ ಮಕ್ಕಳ ಹಾಸ್ಟೆಲುಗಳಿಗೆ ಅವು ಸಿ.ಡಿ.ಯಾಗಿ ಹೋಗಬೇಕಿತ್ತು. ಹತ್ತನೇ ತರಗತಿಯ ಎಲ್ಲ ವಿಷಯಗಳೂ ಪೂರ್ತಿಯಾಗಿದ್ದು ಆ ವರ್ಷವೇ ಮೊದಲು. ಸಿ.ಡಿ. ಬರೆಯುವುದಷ್ಟೇ ಬಾಕಿ ಎನ್ನುವಾಗ ಎಲ್ಲಿಂದಲೋ ವೈರಸ್ ಹೊಕ್ಕು ಕಂಪ್ಯೂಟರ್ ಕುಂಟತೊಡಗಿತ್ತು.

ಜೀವನ್ ಇನ್ಶೂರೆನ್ಸ್ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ. ಶನಿವಾರ ಬಂದು ಇಂಗ್ಲಿಷ್ ಪಾಠ ಓದುತ್ತಿದ್ದ. ಬೀದಿಯವರ ಕಂಪ್ಯೂಟರುಗಳಿಗೆಲ್ಲ ಅವನೇ ವಿಂಡೋಸ್ ಹಾಕಿಕೊಟ್ಟಿದ್ದ.

"ಸಿ ಡ್ರೈವ್ ಒಂದನ್ನೇ ಮುಟ್ಟಿ. ನಮ್ಮ ಪಾಠ ಎಲ್ಲಾ ಡಿ ಡ್ರೈವಲ್ಲಿದೆ," ಎಂದು ವಿಜಯಶ್ರೀ ಆಗಲೇ ಎರಡು ಸಲ ಹೇಳಿದ್ದಳು.

"ಗೊತ್ತು ಬಿಡ್ರೀ, ಸಿ ಡಿಲೀಟ್ ಮಾಡಿ ಅಲ್ಲೇ ಹೊಸದು ಮಾಡ್ತೀನಿ. ನೀಟಾಗಿರುತ್ತೆ."

ಕೀಲಿಗಳ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಅದೇ ಕೀಲಿಗಳು ಅದೇ ಕ್ರಮದಲ್ಲಿ.

"ಯಾಕೆ ಎರಡು ಸಲ ಒತ್ತಿದ್ರಿ?"

"ಮೊದಲ್ನೇ ಸಲ ತಗೊಂಡಿಲ್ಲ ಅನ್ಸುತ್ತೆ. ಲಿಸ್ಟಲ್ಲಿ ಇನ್ನೂ ಕಾಣ್ತಾ ಇತ್ತು."

ವಿಜಯಶ್ರೀ ಬೆನ್ನು ನೆಟ್ಟಗೆ ಮಾಡಿ ಕೂತಳು. "ಈಗ ಏನು ತೋರಿಸ್ತಾ ಇದೆ? ಇದ್ದದ್ದು ಇದ್ದ ಹಾಗೆ ಓದಿ."

"ಅನ್‌ಪಾರ್ಟಿಷನ್ಡ್ ಸ್ಪೇಸ್."

"ಆಮೇಲೆ?"

"ಅಷ್ಟೇ. ಒಂದೇ ಸಾಲು." ಅಂದರೆ ಡಿಸ್ಕಿನಲ್ಲಿ ಒಂದು ಪಾಲೂ ಉಳಿದಿಲ್ಲ ಎಂದಾಯಿತು. ಜೀವನನಿಗೂ ಅರ್ಥವಾಗಿತ್ತು. ಮೊದಲ ಸಲವೇ ಸಿ ಹೋಗಿತ್ತು. ಪಟ್ಟಿಯಲ್ಲಿ ಉಳಿದು ಕಾಣುತ್ತಿದ್ದದ್ದು ಡಿ. ಎರಡನೇ ಸಲ ಅದೂ ಹೋಗಿತ್ತು.

"ಕೀಬೋರ್ಡ್ ಮೇಲಿಂದ ಕೈ ತೆಗೀರಿ ಜೀವನ್."

"ಹೊಸದಾಗಿ ಒಂದು ಪಾರ್ಟಿಷನ್ ಮಾಡಿ ನೋಡ್ಲಾ? ಒಂದು ವೇಳೆ..."

"ಏನೂ ಮಾಡ್ಬೇಡಿ. ದಯವಿಟ್ಟು." ಅವಳು ಕೈ ಚಾಚಿ ಗೋಡೆಯ ಸ್ವಿಚ್ಚನ್ನು ಹುಡುಕಿ ಆರಿಸಿಬಿಟ್ಟಳು. ಫ್ಯಾನಿನ ಸದ್ದು ಇಳಿದು ನಿಂತಿತು.

ಕೇಂದ್ರ ನಡೆಸುತ್ತಿದ್ದ ಶೈಲಾ ಮೇಡಂ ಬಂದಾಗ ಜೀವನ್ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ವಿಷಯ ಕೇಳಿದ ಶೈಲಾ ತಟಕ್ಕನೆ ಕುರ್ಚಿಯ ಮೇಲೆ ಕೂತರು. ಒಂದಷ್ಟು ಪಾಠಗಳನ್ನು ಅಲ್ಲಿ ಇಲ್ಲಿ ಸಿ.ಡಿ.ಗೆ ಹಾಕಿಟ್ಟಿದ್ದು ನಿಜ. ಎಲ್ಲವನ್ನೂ ಒಟ್ಟಿಗೆ ಹಾಕೋಣ ಎಂದು ಹೇಳುತ್ತಲೇ ದಿನ ಹೋಗಿತ್ತು. ವಿಜ್ಞಾನದ ಪಾಠಗಳಲ್ಲಿ ಪ್ರತಿ ಚಿತ್ರವನ್ನೂ ಮಾತಿನಲ್ಲಿ ವಿವರಿಸಿದ್ದರು. ಹೃದಯದ ನಾಲ್ಕು ಕೋಣೆ ಹೇಗಿವೆ, ವಿದ್ಯುತ್ ಮಂಡಲದಲ್ಲಿ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಮಗುವಿನ ಕೈ ಹಿಡಿದು ತೋರಿಸುವ ಹಾಗೆ ಹೇಳಲು ಎಷ್ಟೋ ಸಲ ಬರೆದು, ಅಳಿಸಿ, ಮತ್ತೆ ಓದಿದ್ದರು. ಪರೀಕ್ಷೆಗೆ ಮೊದಲು ಅದನ್ನೆಲ್ಲ ಇನ್ನೊಮ್ಮೆ ಮಾಡುವುದು ಆಗದ ಮಾತು.

"ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡೀಲಿ ಅಳಿಸಿ ಹೋಗಿದ್ದನ್ನ ತೆಗೆದುಕೊಡೋರು ಒಬ್ರು ಇದಾರಂತೆ, ವಿಚಾರಿಸ್ತೀನಿ," ಎಂದು ಶೈಲಾ ಫೋನು ತೆಗೆದರು. ಆ ಕಡೆಯವರು ತಂದುಕೊಡಿ ನೋಡೋಣ ಎಂದರಂತೆ. ಸಿಕ್ಕರೂ ಫೈಲುಗಳ ಹೆಸರು ಉಳಿಯುವ ಖಾತ್ರಿಯಿಲ್ಲ, ಸಾಲಾಗಿ ನಂಬರು ಬಿದ್ದಿರುತ್ತವೆ ಎಂದರಂತೆ. ಹೆಸರಿಲ್ಲದ ಸಾವಿರಾರು ತುಣುಕು ಧ್ವನಿ. ಅದನ್ನು ಕೇಳಿ ಕೇಳಿ ಜೋಡಿಸುವಷ್ಟರಲ್ಲಿ ಮಕ್ಕಳ ಪರೀಕ್ಷೆ ಮುಗಿದಿರುತ್ತದೆ.

"ಮೇಡಂ, ನಾನು ತೆಗೀತೀನಿ," ಎಂದಳು ವಿಜಯಶ್ರೀ.

"ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ ಕಣೇ ವಿಜಿ. ಒಂದು ಕೀ ತಪ್ಪಿದ್ರೆ?"

"ತಪ್ಪೋ ಕೀ ಯಾವುದು ಅಂತ ನಂಗೊತ್ತು. ಹೋದ ವರ್ಷ ನಮ್ಮ ಹಳೇ ಡಿಸ್ಕ್ ಒಂದು ಮೂಲೇಲಿ ಬಿದ್ದಿತ್ತಲ್ಲ? ಬೇಕಂತಲೇ ಅದನ್ನ ಅಳಿಸಿ ಅಳಿಸಿ ವಾಪಸ್ ತಂದಿದೀನಿ. ಮೊದಮೊದಲು ಕೆಡಿಸ್ದೆ. ಆಮೇಲೆ ಬಂತು."

ಈ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಕೆಳಗೆ ಹೋದಾಗ ಅವಳು ಒಬ್ಬಳೇ ಮಾಡಿದ ಆಟವದು. ಅಳಿಸಿಹೋದದ್ದನ್ನು ಹುಡುಕಿಕೊಡುವ, ಉಚಿತವಾಗಿ ಸಿಗುವ ತಂತ್ರಾಂಶವೊಂದನ್ನು ಇಳಿಸಿಕೊಂಡು, ಅದರ ಕೈಪಿಡಿಯನ್ನು ಕಿವಿಯಲ್ಲೇ ಓದಿ ಮುಗಿಸಿದ್ದಳು. ಅದರಲ್ಲಿ ಚಿತ್ರವಿಲ್ಲ, ಮೌಸ್ ಬೇಕಿಲ್ಲ. ಕಪ್ಪು ಪರದೆಯ ಮೇಲೆ ಬರೀ ಅಕ್ಷರ, ಬಾಣದ ಕೀಲಿ, ಎಂಟರ್. ಬಣ್ಣಬಣ್ಣದ ಬೇರೆ ಎಷ್ಟೋ ತಂತ್ರಾಂಶಗಳ ಮುಂದೆ ಮೂಕವಾಗಿಬಿಡುತ್ತಿದ್ದ ಅವಳ ಓದುವ ಧ್ವನಿ ಇದರ ಒಂದಕ್ಷರವನ್ನೂ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಕೆಂಪಯ್ಯ ಮೆಟ್ಟಿಲು ಹತ್ತಿ ಬಂದರು. ಕುರುಬರಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆದವರ ಮಗ. ಎಪ್ಪತ್ತು ದಾಟಿದ್ದರೂ ದನಿ ಗಂಟೆಯ ಹಾಗೆ. ಸಮಾಜ ವಿಜ್ಞಾನದ ಇತಿಹಾಸ ಭಾಗವನ್ನೆಲ್ಲ ಓದಿದವರು ಅವರೇ.

"ಏನಂತೆ, ನಾನು ಓದಿದ್ದೆಲ್ಲ ಹೊಂಟೋಯ್ತಂತೆ?"

"ಹೋಗಿಲ್ಲ ಯಜಮಾನ್ರೇ. ಡಿಸ್ಕ್ ಒಂದು ಹೊಲ ಅಂದ್ಕೊಳ್ಳಿ. ಇಲ್ಲಿಂದ ಇಲ್ಲಿಗೆ ಸಿ, ಅಲ್ಲಿಂದಾಚೆ ಡಿ ಅಂತ ಗುರುತು ಹಾಕಿರ್ತಾರೆ. ಆ ಗುರುತು ಮಾತ್ರ ಹೋಗಿದೆ."

"ಅಂದ್ರೆ ಬಾಂದುಕಲ್ಲು ಕಿತ್ತವ್ರೆ. ಪೈರು ಹಂಗೇ ಐತೆ."

"ಹಂಗೇ ಇದೆ. ಅದರ ಮೇಲೆ ಯಾರೂ ನೇಗಿಲು ಹೊಡೀಬಾರದು ಅಷ್ಟೇ."

"ಹಂಗಾದ್ರೆ ಇನ್ನೇನು? ಕಲ್ಲು ಎಲ್ಲಿತ್ತು ಅಂತ ಹುಡುಕು," ಎಂದು ಕೆಂಪಯ್ಯ ಶೈಲಾ ಕಡೆ ತಿರುಗಿದರು. "ಮಾಡ್ಲಿ ಬುಡಮ್ಮ. ಅಷ್ಟು ಗೊತ್ತಿರೋಳು ಸುಮ್ನೆ ಹೇಳ್ತಾಳಾ?"

ಶೈಲಾ ಫೋನನ್ನು ಕೈಚೀಲಕ್ಕೆ ಹಾಕಿಕೊಂಡ ಸದ್ದಾಯಿತು. "ಆಯ್ತು. ಏನು ಬೇಕು ಹೇಳು."

ಬೇಕಾದದ್ದು ದೊಡ್ಡ ಡಿಸ್ಕಿರುವ ಇನ್ನೊಂದು ಕಂಪ್ಯೂಟರ್. ಅಂಥದ್ದು ಇದ್ದದ್ದು ಕೆಳಗೆ ಕೆಂಪಯ್ಯನವರ ಮನೆಯಲ್ಲಿ. ಅವರ ಹೆಂಡತಿ ಚಿಕ್ಕಲಕ್ಷ್ಮಮ್ಮ, ಹೊಚ್ಚಹೊಸ ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚುವುದನ್ನು ನೋಡಿ, "ಅಯ್ಯೋ, ಮೊನ್ನೆ ತಂದಿದ್ದು," ಎಂದರು. ಆಮೇಲೆ ತಾವೇ ಸ್ಕ್ರೂಗಳನ್ನು ಒಂದು ಲೋಟಕ್ಕೆ ಹಾಕಿಟ್ಟುಕೊಂಡರು.

ವಿಜಯಶ್ರೀ ಕೇಂದ್ರದ ಡಿಸ್ಕನ್ನು ಹೊರತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. ಒಂದು ಸಣ್ಣ ಪುಸ್ತಕದಷ್ಟು ಅಗಲ, ಹಿಡಿದರೆ ಭಾರ. ಹಿಂಬದಿಯ ಸೂಜಿಯಂಥ ಪಿನ್ನುಗಳ ಮೇಲೆ ಬೆರಳಾಡಿಸಿ, ಅಲ್ಲಿನ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಉಗುರಿನಿಂದ ಕಿತ್ತು ಬೇರೆ ಜಾಗಕ್ಕೆ ಸಿಕ್ಕಿಸಿದಳು. ಹಾಗೆ ಮಾಡಿದರಷ್ಟೇ ಕೆಂಪಯ್ಯನವರ ಕಂಪ್ಯೂಟರ್ ಇದನ್ನು ಎರಡನೆಯ ಡಿಸ್ಕೆಂದು ಒಪ್ಪಿಕೊಳ್ಳುತ್ತಿತ್ತು. ಅಗಲವಾದ ಪಟ್ಟಿಯಂಥ ಕೇಬಲ್ಲಿನ ತುದಿಯಲ್ಲಿ ಮೂಗಿನಂತೆ ಉಬ್ಬಿದ್ದನ್ನು ಹುಡುಕಿ, ಸರಿಯಾದ ಬದಿಗೆ ತಿರುಗಿಸಿ ಒತ್ತಿದಳು. ಜೀವನ್ ಟಾರ್ಚು ಹಿಡಿದು ಪಕ್ಕದಲ್ಲೇ ನಿಂತಿದ್ದ.

"ಟಾರ್ಚು ಯಾರಿಗೆ ಜೀವನ್?" ಎಂದಳು ಅವಳು.

ಅವನು ಬೆಳಿಗ್ಗೆಯಿಂದ ಮೊದಲ ಸಲ ನಕ್ಕ. "ನಂಗೇ. ನೀವು ಮಾಡೋದು ನೋಡಕ್ಕೆ."

ಆ ಕಂಪ್ಯೂಟರಿಗೂ ಓದುವ ಧ್ವನಿಯನ್ನೂ ತನ್ನ ಉಚಿತ ತಂತ್ರಾಂಶವನ್ನೂ ಹಾಕಿಕೊಂಡು ಅವಳು ಹುಡುಕಾಟ ಶುರುಮಾಡಿದಳು. ಮೊದಲನೆಯದು ಬೇಗ ಮುಗಿಯುವ ಹುಡುಕಾಟ. ಕೆಲವೇ ಕ್ಷಣಗಳಲ್ಲಿ ಧ್ವನಿ ಒಂದು ಸಾಲು ಓದಿತು. ಒಂದು ಭಾಗ ಸಿಕ್ಕಿದೆ. ಡಿಸ್ಕಿನ ಇಂಥ ಸಿಲಿಂಡರಿನಿಂದ, ಅಂದರೆ ಸುತ್ತಿನಿಂದ, ಇಂಥ ಸಿಲಿಂಡರಿಗೆ. ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಟ್ಟರು. ವಿಜಯಶ್ರೀ ಮಾತ್ರ ಬಿಡಲಿಲ್ಲ. ಅದರೊಳಗೆ ಏನಿದೆ ತೋರಿಸು ಎಂಬ ಕೀಲಿ ಒತ್ತಿ ಕಿವಿಗೊಟ್ಟಳು.

ಸೇಲ್ಸ್. ಸ್ಟಾಕ್. ಇನ್‌ವಾಯ್ಸ್.

"ಇದೇನಿದು?" ಎಂದರು ಶೈಲಾ.

ಕೇಂದ್ರದ ಕಂಪ್ಯೂಟರನ್ನು ಹಿಂದೆ ದಾನವಾಗಿ ಕೊಟ್ಟದ್ದು ಯಾವುದೋ ಕಂಪನಿ. ಅವರು ಬಳಸುತ್ತಿದ್ದಾಗ ಡಿಸ್ಕನ್ನು ಬೇರೆ ರೀತಿ ಪಾಲು ಮಾಡಿಕೊಂಡಿದ್ದರು. ಆ ಹಳೆಯ ಪಾಲಿನ ಗುರುತು ಇನ್ನೂ ಎಲ್ಲೋ ಅಳಿಯದೆ ಉಳಿದು ಈಗ ಮೇಲೆ ಬಂದಿತ್ತು.

"ಅಂದ್ರೆ ನಮ್ದು ಹೋಯ್ತು," ಎಂದ ಜೀವನ್.

ವಿಜಯಶ್ರೀ ಅಭ್ಯಾಸ ಮಾಡಿದ್ದ ಹಳೆಯ ಪುಟ್ಟ ಡಿಸ್ಕಿನಲ್ಲಿ ಹೀಗೆ ಎಂದೂ ಆಗಿರಲಿಲ್ಲ. ಎಂಟರ್ ಒತ್ತಿ ಮುಂದೆ ಹೋಗಿದ್ದರೆ, ಇದನ್ನೇ ಬರೆ ಎಂದು ಹೇಳಿದ್ದರೆ, ಯಾರದೋ ಹಳೆಯ ಗಡಿ ಅವರ ಪಾಠಗಳ ನಡುವೆ ಹಾದುಹೋಗುತ್ತಿತ್ತು. ಆದರೆ ಅವಳು ಒಳಗೇನಿದೆ ಎಂದು ಕೇಳದೆ ಒತ್ತಿರಲಿಲ್ಲ.

"ಇದು ಮೇಲುಮೇಲೆ ಹುಡುಕಿದ್ದು," ಎಂದಳು. "ಇನ್ನೊಂದಿದೆ, ಮೊದಲಿಂದ ಕೊನೇವರೆಗೂ ಪ್ರತಿ ಸಿಲಿಂಡರನ್ನೂ ತಡವಿ ನೋಡೋದು. ಹೊತ್ತು ಹಿಡಿಯುತ್ತೆ."

ಸಂಜೆ, ಆ ಹುಡುಕಾಟ ಅರ್ಧದಷ್ಟು ಸಾಗಿದ್ದಾಗ ಕರೆಂಟ್ ಹೋಯಿತು. ಯು.ಪಿ.ಎಸ್. ಕೀಂ ಕೀಂ ಎಂದು ಸ್ವಲ್ಪ ಹೊತ್ತು ತಡೆದು, ಅದೂ ಸುಮ್ಮನಾಯಿತು. ಶೈಲಾ "ಅಯ್ಯೋ ದೇವರೇ" ಎಂದು ಎದ್ದೇಬಿಟ್ಟರು.

"ಏನಾಗಲ್ಲ ಮೇಡಂ, ಕೂತ್ಕೊಳ್ಳಿ. ಇಲ್ಲಿವರೆಗೂ ಬರೀ ಓದಿದೀವಿ, ಒಂದಕ್ಷರ ಬರ್ದಿಲ್ಲ. ನಾಳೆ ಮತ್ತೆ ಮೊದಲಿಂದ ಓದಿದ್ರಾಯ್ತು." ಹೇಳುವಾಗ ಅವಳ ದನಿಯಲ್ಲಿದ್ದ ನೆಮ್ಮದಿ ಅವಳಿಗೇ ಆಶ್ಚರ್ಯ ತಂದಿತು.

ಭಾನುವಾರ ಬೆಳಿಗ್ಗೆ ವಿಜಯಶ್ರೀ ತನ್ನ ಮನೆಯಿರುವ ಲಗ್ಗೆರೆಯಿಂದ ಮೊದಲ ಬಸ್ಸಿಗೇ ಬಂದಳು. ಯಾರೂ ಬರಬೇಕೆಂದು ಅವಳು ಹೇಳಿರಲಿಲ್ಲ, ಎಲ್ಲರೂ ಬಂದಿದ್ದರು. ಚಿಕ್ಕಲಕ್ಷ್ಮಮ್ಮ ಮಾಡಿದ ಅಕ್ಕಿರೊಟ್ಟಿಯನ್ನು ಕಂಪ್ಯೂಟರಿನ ಎದುರಲ್ಲೇ ತಿಂದರು. ಧ್ವನಿ ಆಗಾಗ ಒಂದು ಅಂಕಿ ಹೇಳಿ ಸುಮ್ಮನಾಗುತ್ತಿತ್ತು. ಕೆಂಪಯ್ಯ ಪೇಪರು ಓದುವ ನೆಪದಲ್ಲಿ ಕೂತಿದ್ದರು. ಒಂದು ಪುಟವನ್ನೂ ಮಗುಚಿದ ಸದ್ದು ಬರಲಿಲ್ಲ.

ಬಿಸಿಲು ಏರಿದ ಮೇಲೆ ಹುಡುಕಾಟ ಮುಗಿಯಿತು. ಈ ಸಲ ಧ್ವನಿ ಓದಿದ್ದು ಒಂದು ಸಾಲಲ್ಲ, ನಾಲ್ಕೈದು. ಒಂದರ ಗಡಿ ಇನ್ನೊಂದರೊಳಗೆ ನುಗ್ಗಿತ್ತು. ಎಲ್ಲವೂ ನಿಜವಾಗಿರಲು ಸಾಧ್ಯವಿಲ್ಲ. ವಿಜಯಶ್ರೀ ಪ್ರತಿ ಸಾಲಿನ ಆರಂಭ, ಕೊನೆಗಳನ್ನು ಮತ್ತೆ ಮತ್ತೆ ಓದಿಸಿ ಕೇಳಿದಳು. ನಿನ್ನೆಯ ಕಂಪನಿಯದನ್ನು ಅಂಕಿಯಿಂದಲೇ ಗುರುತು ಹಿಡಿದು ಪಕ್ಕಕ್ಕಿಟ್ಟಳು. ಇನ್ನೊಂದು ತೀರಾ ಚಿಕ್ಕದು. ಮತ್ತೊಂದು ಡಿಸ್ಕಿನ ಮೊದಲಲ್ಲೇ ಶುರುವಾಗುತ್ತಿತ್ತು, ಅದು ಸಿ. ಅದು ಮುಗಿದ ಮರುಸಿಲಿಂಡರಿನಲ್ಲೇ ಆರಂಭವಾಗಿ ಡಿಸ್ಕಿನ ಅಂಚಿನವರೆಗೂ ಹೋಗುವ ಸಾಲೊಂದಿತ್ತು. ಅದರ ಮೇಲೆ ನಿಂತು ಒಳಗೇನಿದೆ ಎಂದು ಕೇಳಿದಳು.

ಕನ್ನಡ ಹತ್ತು. ಇಂಗ್ಲಿಷ್ ಹತ್ತು. ವಿಜ್ಞಾನ ಹತ್ತು. ಗಣಿತ ಹತ್ತು. ಸಮಾಜ ಹತ್ತು.

ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ ಆ ಹೆಸರುಗಳನ್ನು ಧ್ವನಿ ತನ್ನ ಸೊಟ್ಟ ಉಚ್ಚಾರದಲ್ಲಿ ಒಂದೊಂದಾಗಿ ಹೇಳುತ್ತಾ ಹೋಯಿತು. ಉಳಿದವರಿಗೆ ಪರದೆಯ ಮೇಲೆ ಅವೆಲ್ಲ ಒಮ್ಮೆಗೇ ಕಂಡಿರಬೇಕು, ಶೈಲಾ ಅವಳ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆದರೆ ವಿಜಯಶ್ರೀ ಕೊನೆಯ ಹೆಸರಿನವರೆಗೂ ಬಾಣದ ಕೀಲಿಯಿಂದ ಬೆರಳು ಎತ್ತಲಿಲ್ಲ. ಒಂದೂ ಕಡಿಮೆಯಿರಲಿಲ್ಲ.

"ಸಿಕ್ತು," ಎಂದಳು.

ಜೀವನ್ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟ. "ಈಗ ಕಲ್ಲು ನೆಟ್ಟುಬುಡು ಮತ್ತೆ," ಎಂದರು ಕೆಂಪಯ್ಯ.

"ಇಲ್ಲ ಯಜಮಾನ್ರೇ. ಮೊದಲು ಬೆಳೆ ಕೊಯ್ದು ನಿಮ್ಮ ಮನೆಗೆ ಸಾಗಿಸ್ತೀನಿ. ಆಮೇಲೆ ಕಲ್ಲು."

"ಒಕ್ಕಲು ಮನೇಲಿ ಹುಟ್ಬೇಕಿತ್ತು ನೀನು!" ಅವರ ನಗು ಮನೆಯನ್ನೆಲ್ಲ ತುಂಬಿತು.

ಪಾಠಗಳೆಲ್ಲ ಕೆಂಪಯ್ಯನವರ ಡಿಸ್ಕಿಗೆ ನಕಲಾದವು. ನಕಲು ಸರಿಯಾಗಿದೆಯೇ ಎಂದು ನೋಡಲು ಅವಳು ಯಾವುದೋ ಒಂದು ಫೈಲನ್ನು ಹಾಕಿದಳು. ಕೆಂಪಯ್ಯನವರದೇ ದನಿ, ವಿಜಯನಗರದ ಪೇಟೆಬೀದಿಗಳ ವರ್ಣನೆ. ಸ್ವಂತ ದನಿ ಕೇಳಿ ಅವರು ಗಂಟಲು ಸರಿಮಾಡಿಕೊಂಡು, "ಚೆನ್ನಾಗೇ ಓದಿದೀನಿ ಅಲ್ವಾ?" ಎಂದರು. ಚಿಕ್ಕಲಕ್ಷ್ಮಮ್ಮ ಒಳಗಿನಿಂದಲೇ, "ಹೂಂ, ಮನೇಲಿ ಇಷ್ಟು ಮೆಲ್ಲಗೆ ಎಂದಾದ್ರೂ ಮಾತಾಡಿದೀರಾ?" ಎಂದರು.

ಉಳಿದದ್ದು ಗುರುತನ್ನು ಡಿಸ್ಕಿನಲ್ಲಿ ಮತ್ತೆ ಬರೆಯುವ ಕೆಲಸ. ಪಾಠಗಳು ಕೈಗೆ ಬಂದಿದ್ದರಿಂದ ಅದನ್ನು ಬಿಟ್ಟರೂ ನಡೆಯುತ್ತಿತ್ತು. ವಿಜಯಶ್ರೀ ಬಿಡಲಿಲ್ಲ. ಶುರುಮಾಡಿದ ಕೆಲಸ ಕೊನೆಮುಟ್ಟಬೇಕು ಎಂಬ ಹಟ. ಸಿ ಮತ್ತು ಡಿ ಎರಡು ಸಾಲುಗಳನ್ನಷ್ಟೇ ಆರಿಸಿ, ಬರೆ ಎಂಬಲ್ಲಿಗೆ ಹೋಗಿ ನಿಂತಳು. ಖಚಿತವೇ ಎಂದು ಧ್ವನಿ ಕೇಳಿತು. ವೈ ಒತ್ತಿದಳು. ಡಿಸ್ಕನ್ನು ಮೇಲಕ್ಕೆ ಒಯ್ದು ತನ್ನ ಕಂಪ್ಯೂಟರಿಗೆ ಜೋಡಿಸಿ ಸ್ವಿಚ್ ಹಾಕಿದಾಗ, ವೈರಸ್ಸಿನಿಂದ ಕುಂಟುತ್ತಲೇ ಹಳೆಯ ವಿಂಡೋಸ್ ಕೂಡ ಎದ್ದು ಬಂತು.

"ಇದೂ ಬಂತಾ?" ಎಂದು ಜೀವನ್ ಹತ್ತಿರ ಬಂದ. "ವಿಜಯಶ್ರೀ, ಇದನ್ನ ನಂಗೂ ಹೇಳಿಕೊಡ್ತೀರಾ?"

"ಮುಂದಿನ ಶನಿವಾರ. ಮೊದಲು ಹಳೇ ಡಿಸ್ಕನ್ನ ಕೆಡಿಸೋದ್ರಿಂದ ಶುರು."

"ಅದು ಬರುತ್ತೆ ನಂಗೆ," ಎಂದ ಜೀವನ್. ಶೈಲಾಗೂ ನಗು ತಡೆಯಲಾಗಲಿಲ್ಲ.

ಆ ಸಂಜೆಯೇ ಶೈಲಾ ಹಾಸ್ಟೆಲುಗಳಿಗೆ ಫೋನು ಮಾಡಿದರು. ಸಿ.ಡಿ.ಗಳು ಈ ವಾರವೇ ಹೊರಡುತ್ತವೆ ಎಂದು ಹೇಳಿ, ನಡೆದದ್ದನ್ನೂ ಹೇಳಿದರು. ಅವರ ಮಾತು ವಿಜಯಶ್ರೀಯ ಕಿವಿಗೆ ಬೀಳುತ್ತಿತ್ತು: "ಇಲ್ಲ ಸಾರ್, ಹೊರಗಿನವರ ಹತ್ರ ಮಾಡಿಸ್ಲಿಲ್ಲ. ನಮ್ಮಲ್ಲೇ ಮಾಡಿದ್ದು. ನಮ್ಮ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು." ಕೇಂದ್ರದಲ್ಲಿ ಅಂಥ ವಿಭಾಗವೂ ಇರಲಿಲ್ಲ, ಮುಖ್ಯಸ್ಥರೂ ಇರಲಿಲ್ಲ. ಫೋನಿಟ್ಟ ಮೇಲೆ ಶೈಲಾ, "ಇವತ್ತಿಂದ ಇದೆ," ಎಂದರು.

ವಿಜಯಶ್ರೀ ಲಗ್ಗೆರೆಯ ಮನೆ ಮುಟ್ಟಿದಾಗ ಇನ್ನೂ ದೀಪ ಹಚ್ಚುವ ಹೊತ್ತು. ಇಳಕಲ್ಲಿನ ಕಡೆಯಿಂದ ಬಂದು ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುವ ಕೆಲಸಕ್ಕಿದ್ದ ಅಪ್ಪ ಲಿಂಗಪ್ಪ ಚಹಾ ಕುಡಿಯುತ್ತಾ ಕೂತಿದ್ದ.

"ಏನವ್ವಾ, ಮಾರಿ ಮ್ಯಾಲ ಭಾಳ ಖುಷಿ ಕಾಣಾಕತ್ತೈತಿ?"

ಅವಳು ಕೂತು ಎಲ್ಲ ಹೇಳಿದಳು. ಲಿಂಗಪ್ಪ ಹೂಂಗುಟ್ಟುತ್ತಾ ಕೇಳಿದ. ಒಂದು ಮಾತಿಗೆ ಮಾತ್ರ ತಡೆದ.

"ಸಿಲಿಂಡರ್ ಅಂದೇನು? ಕಂಪ್ಯೂಟರಿನಾಗೂ ಸಿಲಿಂಡರ್ ಇರ್ತಾವ?"

"ಇರ್ತಾವಪ್ಪಾ. ಒಳಗ ತಾಟಿನಂಥಾದ್ದೊಂದು ತಿರುಗತೈತಿ. ಅದರ ಮ್ಯಾಲ ಸುತ್ತು ಸುತ್ತು ಸಣ್ಣ ಗೆರಿ ಇರ್ತಾವ."

"ಒಂದ ಸುತ್ತು ಆಕಡೆ ಈಕಡೆ ಆದ್ರ?"

"ಯಾವುದೋ ಕಂಪನಿ ಮಾಲಿನ ಲೆಕ್ಕ ಬರತಿತ್ತು. ನಮ್ಮ ಪಾಠ ಬರತಿರಲಿಲ್ಲ."

ಲಿಂಗಪ್ಪ ಕಪ್ಪನ್ನು ನೆಲಕ್ಕಿಟ್ಟ. ಜೀವಮಾನವೆಲ್ಲ ಕೂದಲೆಳೆಯ ಅಳತೆಯಲ್ಲಿ ಕಬ್ಬಿಣ ಕಡೆದವನು. "ಹಂಗಾರ ಭಾಳ ನಾಜೂಕಿನ ಕೆಲಸ ಆತು ಅದು," ಎಂದ ಮೆಲ್ಲಗೆ. ಅವಳು ಆ ಎರಡು ದಿನ ಕೇಳಿದ ಮೆಚ್ಚಿಗೆಗಳಲ್ಲಿ ಇದರಷ್ಟು ಮನಸ್ಸಿಗೆ ಹಿಡಿಸಿದ್ದು ಇನ್ನೊಂದಿರಲಿಲ್ಲ.

ಅವನು ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋದ. ತುಸು ಹೊತ್ತಿನಲ್ಲೇ ಜಗಲಿಯಿಂದ ಅವನ ದನಿ ಕೇಳಿಸಿತು, ಪಕ್ಕದ ಮನೆಯ ಕರಿಬಸಪ್ಪನಿಗೆ ಹೇಳುತ್ತಿದ್ದ. "ಇಡೀ ರಾಜ್ಯದ ಪುಸ್ತಕ ಅಳಿಸಿ ಹೋಗಿದ್ವು. ನನ್ನ ಮಗಳು ಏನ ಮಾಡಿದ್ಲು, ಆ ಸಿಲಿಂಡರ್ ಬಿಚ್ಚಿ ಲೇತಿಗೆ ಹಾಕಿದಂಗ ಹಾಕಿ..."

"ಬಿಚ್ಚಿಲ್ಲಪ್ಪಾ! ಬಿಚ್ಚಿದ್ರ ಕೆಟ್ಟ ಹೋಗತೈತಿ!" ಎಂದು ವಿಜಯಶ್ರೀ ಒಳಗಿನಿಂದ ಕೂಗಿದಳು.

"ಹಂಗಾರ ನೀನಾ ಬಂದ ಹೇಳವಾ," ಎಂದ ಕರಿಬಸಪ್ಪ. "ನಿಮ್ಮಪ್ಪಗ ತಿಳದಿಲ್ಲ, ನನಗೂ ತಿಳಿವಲ್ದು."

ಅವಳು ಬಾಗಿಲಿನ ಹತ್ತಿರದ ಸ್ಟೂಲನ್ನು ಎತ್ತಿಕೊಂಡು ಹೊರಗೆ ಬಂದು, ಇಬ್ಬರ ನಡುವೆ ಇಟ್ಟು ಕೂತಳು. ಎದುರು ಮನೆಯವರೂ ಬಂದು ನಿಂತ ಸದ್ದಾಯಿತು. ಗಂಟಲು ಸರಿಮಾಡಿಕೊಂಡು, ವಿಜಯಶ್ರೀ ಮೊದಲಿನಿಂದ, ಏನೊಂದೂ ಬಿಡದೆ, ಗಟ್ಟಿಯಾಗಿ ಹೇಳತೊಡಗಿದಳು.